ಹನ್ನೊಂದಿದ್ದದ್ದು ಒಂಬತ್ತಾದ ಬಗೆ

ಮದುವೆಯಾಗಿ ಎಂಟು ತಿಂಗಳಾಗಿತ್ತು. ಗಂಡನ ಜೊತೆ ಒಂದೇ ಮನೆಯಲ್ಲಿ ಇರತೊಡಗಿ ಎರಡೇ ತಿಂಗಳು. ಮೊದಲಿನ ಆರು ತಿಂಗಳನ್ನು ಧಾರವಾಡದಲ್ಲಿ ಅತ್ತೆಯ ಜೊತೆ ಕಳೆದಿದ್ದೆ. ಅತ್ತೆ ಕೆಟ್ಟವರೇನಲ್ಲ. ಆದರೆ ನಾನು ಮದುವೆಯಾದದ್ದು ಅವರನ್ನಲ್ಲವಲ್ಲ.

ನಮ್ಮವರು ಸರಕಾರದ ಒಕ್ಕಲುತನ ಖಾತೆಯಲ್ಲಿ ಹಂಗಾಮಿ ಸಹಾಯಕರು. ಗಂಡನ ಹೆಸರು ಹೇಳಬಾರದೆಂದು ಬೆಳೆಸಿದ ನಾಲಿಗೆ ಇದು, ಈ ವಯಸ್ಸಿನಲ್ಲಿ ಹೊರಳುವುದಿಲ್ಲ. 'ನಮ್ಮವರು' ಎಂದೇ ಬರೆಯುತ್ತೇನೆ. ಅವರು ಶಿಗ್ಗಾಂವಿಯಲ್ಲಿ ಎರಡು ಕೋಣೆ, ಒಂದು ಪಡಸಾಲೆ, ಹಿತ್ತಲಲ್ಲಿ ಒಂದು ನುಗ್ಗೆಗಿಡ ಇರುವ ಬಾಡಿಗೆ ಮನೆ ಹಿಡಿದು ನನ್ನನ್ನು ಕರೆಸಿಕೊಂಡರು. ಎರಡನೆಯ ಮಹಾಯುದ್ಧ ನಡೆದಿತ್ತು. ಸೀಮೆಎಣ್ಣೆ ಇಲ್ಲ, ಸಕ್ಕರೆ ಇಲ್ಲ, ಸೂಜಿ ಬೇಕೆಂದರೂ ಹುಬ್ಬಳ್ಳಿಗೆ ಹೋಗಬೇಕು. ನನಗೆ ಅದೊಂದೂ ತಟ್ಟಲಿಲ್ಲ. ಬೆಳಿಗ್ಗೆ ಎದ್ದು ಅಂಗಳ ಗುಡಿಸುವಾಗಲೂ ನಗು ಬರುತ್ತಿತ್ತು, ಎದುರು ಮನೆಯವರು ನನಗೆ ತಲೆ ಸರಿಯಿಲ್ಲವೆಂದು ತಿಳಿದಿದ್ದರು.

ಅವರ ಕೆಲಸ ಇಷ್ಟು. ಹಾನಗಲ್ಲು, ಶಿಗ್ಗಾಂವಿ, ಹಿರೇಕೆರೂರು, ಆಗಿನ್ನೂ ಸಂಸ್ಥಾನವಾಗಿದ್ದ ಸವಣೂರು, ಈ ನಾಲ್ಕು ಕಡೆ ಮೂರು ಮೂರು ರೈತರನ್ನು ಒಪ್ಪಿಸಿ, ಒಂದೇ ಹೊಲದಲ್ಲಿ ಹತ್ತು ಗುಂಟೆಗೆ ಊರ ಜೋಳ, ಪಕ್ಕದ ಹತ್ತು ಗುಂಟೆಗೆ ಸರಕಾರದ ಹೊಸ ಜೋಳ ಬಿತ್ತಿಸುವುದು. ರಾಶಿಯಾದ ಮೇಲೆ ಯಾವುದು ಎಷ್ಟು ಕೊಳಗ ಬಂತೆಂದು ರಜಿಸ್ಟರಿನಲ್ಲಿ ಬರೆದುಕೊಂಡು ಬರುವುದು. ಹೊಸ ಬೀಜ ಗೆದ್ದರೆ ಅದನ್ನು ಹಂಚುವುದಕ್ಕೆ ಇವರನ್ನು ಶಿಗ್ಗಾಂವಿಯಲ್ಲೇ ಕಾಯಂ ಮಾಡುತ್ತಾರೆಂದು ಕಚೇರಿಯ ಕಾರಕೂನರೊಬ್ಬರು ಹೇಳಿದ್ದರು. ಸೋತರೆ ದೂರದ ಮರಾಠಿ ಸೀಮೆ ಖಾನದೇಶಕ್ಕೆ ಬದಲಿ. ಅಲ್ಲಿ ಹಂಗಾಮಿ ಸಹಾಯಕರಿಗೆ ಡೇರೆಯಲ್ಲಿ ವಾಸ, ಹೆಂಡತಿಯನ್ನು ಕರೆದೊಯ್ಯುವಂತಿಲ್ಲ. ಅಂದರೆ ನನಗೆ ಮತ್ತೆ ಧಾರವಾಡ, ಮತ್ತೆ ಅತ್ತೆ. ಆ ಜೋಳ ಗೆಲ್ಲಲೆಂದು ನಾನು ಹೊತ್ತ ಹರಕೆಗಳನ್ನು ಯಾವ ದೇವರೂ ಮರೆತಿರಲಾರ.

ರಾಶಿಗಳೆಲ್ಲ ಮುಗಿದ ಮೇಲೆ ಸಾಹೇಬರು, ಅಂದರೆ ನಮ್ಮವರ ಮೇಲಿನ ಅಧಿಕಾರಿ, ಧಾರವಾಡದಿಂದ ಬಂದರು. ದಪ್ಪ ಮೀಸೆ, ತೆಳ್ಳಗಿನ ಮಾತು. ಪಡಸಾಲೆಯಲ್ಲಿ ಕುಳಿತು ರಜಿಸ್ಟರಿನ ಕೊನೆಯ ಪುಟವನ್ನಷ್ಟೇ ನೋಡಿದರು.

"ಸರಾಸರಿ ತಗದೀಯೇನು?"

"ತಗದೇನ್ರಿ ಸಾಹೇಬ್ರ."

"ಹೊಸಾದಕ್ಕಿಂತ ಹಳೇದ ಹೆಚ್ಚು ಬಂದದಲ್ಲೋ. ಮುಗೀತು. ಎಂಟು ದಿನದಾಗ ವರದಿ ಬರದು ಕಳಸು, ಗಂಟು ಕಟ್ಟು."

ಒಳಗೆ ನಾನು ಚಹಾದ ಬಟ್ಟಲು ಕೆಳಗಿಟ್ಟು ಕೇಳುತ್ತಿದ್ದೆ. ಅವರು ಹೋದ ಮೇಲೆ ನಮ್ಮವರು ಊಟಕ್ಕೆ ಕುಳಿತು ರೊಟ್ಟಿ ಮುರಿಯದೆ ಸುಮ್ಮನೆ ನೋಡುತ್ತಿದ್ದರು. ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗದ ಸಿಟ್ಟು. ರಜಿಸ್ಟರು ಎಳೆದುಕೊಂಡು ತೊಡೆಯ ಮೇಲೆ ಇಟ್ಟುಕೊಂಡೆ.

ಎಲ್ಲರದೂ ಹದಿನಾರು, ಹದಿನೆಂಟು, ಇಪ್ಪತ್ತು ಕೊಳಗ. ಹಿರೇಕೆರೂರು ಕಡೆಯ ಒಬ್ಬ ಗೌಡರದು ಮಾತ್ರ ಹಳೆಯದು ಎಪ್ಪತ್ತೊಂದು, ಹೊಸದು ಐವತ್ತೆರಡು. ಉಳಿದ ಹನ್ನೊಂದು ಜನರ ಹೊಲದಲ್ಲಿ ಹೊಸ ಜೋಳ ಒಂದು, ಎರಡು ಕೊಳಗ ಹೆಚ್ಚೇ ಬಂದಿತ್ತು. ಅವೆಲ್ಲ ಕೂಡಿ ಹದಿನೇಳು. ಗೌಡರೊಬ್ಬರ ಕಡಿಮೆಯೇ ಹತ್ತೊಂಬತ್ತು.

"ಏನ್ರಿ, ಇವರ ಹೊಲದಾಗ ಎಪ್ಪತ್ತೊಂದು ಕೊಳಗ ಹೆಂಗ ಬಂತು?"

"ಅವರ ಮನಿ ಕೊಳಗ ಸಣ್ಣದು."

"ಸಣ್ಣದು ಅಂದ್ರ?"

ಅವರು ಎರಡು ಅಂಗೈ ಕೂಡಿಸಿ ಒಂದು ಪುಟ್ಟ ಗಡಿಗೆಯಷ್ಟು ತೋರಿಸಿದರು.

"ಮತ್ತ ಸವಣೂರಿಂದು?"

ಈ ಸಲ ಕುಂಬಳಕಾಯಿ ಹಿಡಿದವರ ಹಾಗೆ ಕೈ ಅಗಲಿಸಿದರು. ಸವಣೂರಿನ ಸೇರೇ ಬೇರೆ, ಹಾನಗಲ್ಲಿನ ಕೊಳಗವೇ ಬೇರೆ, ಅದರಲ್ಲೂ ಒಬ್ಬರು ಕೊಳಗದ ಬಾಯಿಗೆ ಕೈಯಾಡಿಸಿ ಸಮ ಮಾಡಿ ಅಳೆದರೆ ಇನ್ನೊಬ್ಬರು ತುಳುಕುವ ಹಾಗೆ ತುಂಬಿ ಅಳೆಯುತ್ತಾರೆ. ಇವೆಲ್ಲವನ್ನೂ ಇವರು 'ಕೊಳಗ' ಎಂಬ ಒಂದೇ ಹೆಸರಿನಲ್ಲಿ ಬರೆದು, ಕೂಡಿಸಿ, ಹನ್ನೆರಡರಿಂದ ಭಾಗಿಸಿದ್ದರು.

"ತಕ್ಕಡಿ ಕೊಡಲಿಲ್ಲೇನ್ರಿ ಸರಕಾರದವರು?"

"ಕೇಳೇನಿ. ಯುದ್ಧ ಮುಗದ ಮ್ಯಾಲೆ ಕೊಡ್ತಾರಂತ."

ನನಗೆ ಆಗಲೇ ನಗು ಶುರುವಾಗಿತ್ತು. ಅದು ಪೂರ್ತಿ ಕೈಮೀರಿದ್ದು ಮುಂದಿನ ಮಾತಿಗೆ. ನಮ್ಮ ಕಡೆ ರಾಶಿ ಅಳೆಯುವಾಗ ಮೊದಲನೆಯ ಕೊಳಗಕ್ಕೆ 'ಒಂದು' ಅನ್ನುವುದಿಲ್ಲ, 'ಲಾಭ' ಅನ್ನುತ್ತಾರೆ. ಎರಡನೆಯದಕ್ಕೆ ಎರಡು. ಆದರೆ ಕೆಲವು ಮನೆಗಳಲ್ಲಿ ಲಾಭವನ್ನು ದೇವರ ಪಾಲಿಗೆ ಬಿಟ್ಟು, ಎರಡನೆಯ ಕೊಳಗದಿಂದ ಒಂದು, ಎರಡು ಎಂದು ಹಿಡಿಯುತ್ತಾರೆ. ಒಂದು ಮನೆಯ ಹದಿನೆಂಟು ನಿಜಕ್ಕೂ ಹದಿನೆಂಟು. ಇನ್ನೊಂದು ಮನೆಯ ಹದಿನೆಂಟು ಹತ್ತೊಂಬತ್ತು. ಯಾವ ಮನೆ ಯಾವ ರೀತಿಯದೆಂದು ಕೇಳಿದೆ. ಪುಣೆಯ ಕಾಲೇಜಿನಲ್ಲಿ ಒಕ್ಕಲುತನ ಕಲಿತು ಬಂದ ಈ ಪುಣ್ಯಾತ್ಮರು, ಲಾಭ ಅನ್ನುವುದು ರಾಶಿಪೂಜೆಯ ಮಂತ್ರವಿರಬೇಕೆಂದು ಪ್ರತಿ ಸಲ ಕೈ ಮುಗಿದು ನಿಂತಿದ್ದರಂತೆ. ಎಣಿಕೆಯ ಕಡೆ ಕಿವಿಯನ್ನೇ ಕೊಟ್ಟಿರಲಿಲ್ಲ.

ನಾನು ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಬಿದ್ದೆ. ಸ್ವಲ್ಪ ಹೊತ್ತಿಗೆ ಅವರೂ ಬಿದ್ದರು. ಖಾನದೇಶ ತಲೆಯ ಮೇಲೆ ತೂಗುತ್ತಿರುವಾಗ ಹೀಗೆ ನಕ್ಕವರು ಇನ್ನಾರೂ ಇರಲಾರರು.

ನಗು ಇಳಿದ ಮೇಲೆ ನಾನೇ ಅಂದೆ: "ಒಂದು ಕಣದ ಅಳತಿ ಇನ್ನೊಂದು ಕಣಕ್ಕ ಹೊಂದೂದಿಲ್ಲ, ಖರೆ. ಆದರ ಒಂದ ಕಣದಾಗ ಎರಡೂ ಜೋಳಕ್ಕ ಕೊಳಗ ಒಂದ ಅಲ್ಲೇನ್ರಿ? ತುಂಬೋ ಕೈನೂ ಒಂದ, ಲಾಭ ಅನ್ನೋ ಬಾಯಿನೂ ಒಂದ. ಎಷ್ಟು ಹೆಚ್ಚು ಅಂತ ಕೇಳಬ್ಯಾಡ್ರಿ. ಯಾವುದು ಹೆಚ್ಚು ಅಂತಷ್ಟ ಕೇಳ್ರಿ."

ಅವರು ತಾಟು ಆಚೆ ಸರಿಸಿದರು. ಕಾಲೇಜಿನಲ್ಲಿ ಒಬ್ಬ ಮಾಸ್ತರರು ಅರ್ಧ ತಾಸು ಇಂಥದೇ ಒಂದು ಪರೀಕ್ಷೆಯ ಬಗ್ಗೆ ಹೇಳಿದ್ದರಂತೆ. ಅಳತೆಯ ಮೇಲೆ ನಂಬಿಕೆ ಇಲ್ಲದಾಗ, ಒಂದೆರಡು ಅಂಕಿ ಮಿಕ್ಕವನ್ನೆಲ್ಲ ನುಂಗುವಂತಿದ್ದಾಗ, ಅಂಕಿಯನ್ನೇ ಬಿಟ್ಟು ಹೆಚ್ಚಿಗೆ ಕೂಡು ಗುರುತು, ಕಡಿಮೆಗೆ ಕಳೆ ಗುರುತು ಹಾಕಿ ಬರೀ ಗುರುತು ಎಣಿಸಬಹುದಂತೆ. ಅದು ಬಡವರ ಲೆಕ್ಕ, ಒಳ್ಳೆಯ ಅಂಕಿ ಇರುವವರಿಗೆ ಬೇಡ ಅಂದಿದ್ದರಂತೆ, ಅದಕ್ಕೇ ಇವರು ಬರೆದುಕೊಂಡಿರಲಿಲ್ಲ. ಈಗ ನಮಗಿಂತ ಬಡವರು ಯಾರು? ಗುರುತು ಹಾಕಿದೆವು. ಕೂಡು ಹನ್ನೊಂದು, ಕಳೆ ಒಂದು.

ಆಮೇಲೆ ಅವರ ಮುಖ ಸಣ್ಣದಾಯಿತು. "ಸೋತ ಮ್ಯಾಲೆ ಆಟದ ಕಟ್ಟಳೆ ಬದಲಿಸಿದಂಗ ಆಗೂದಿಲ್ಲೇನು ಇದು?"

"ಕಳೆ ಹನ್ನೊಂದು ಬಂದಿದ್ರ ನಿಮ್ಮ ಸರಾಸರಿ ಸರಿ ಆಗ್ತಿತ್ತೇನು?"

"ಇಲ್ಲ. ಆಗೂ ಅದು ಹೊಲಸ."

"ಆಗೂ ಗುರುತ ಎಣಸಬೇಕಾಗ್ತಿತ್ತಲ್ಲ?"

ಅವರು ಹೌದೆಂದು ಗೋಣು ಹಾಕಿದರು. ಹಾಗಾದರೆ ಉಳಿದದ್ದು ಒಂದೇ ಪ್ರಶ್ನೆ. ಎರಡು ಬೀಜದಲ್ಲಿ ಭೇದವೇ ಇಲ್ಲವೆಂದು ಇಟ್ಟುಕೊಳ್ಳಿ. ಆಗ ಒಂದೊಂದು ಕಣವೂ ಒಂದು ದುಡ್ಡು ಚಿಮ್ಮಿದ ಹಾಗೆ, ರಾಜನ ಮುಖವೂ ಬೀಳಬಹುದು, ಹಿಂಬದಿಯೂ ಬೀಳಬಹುದು. ಹನ್ನೆರಡು ಸಲ ಚಿಮ್ಮಿದಾಗ ಸುಮ್ಮನೆ ಅದೃಷ್ಟದಿಂದ ಹನ್ನೊಂದು ಸಲ ಒಂದೇ ಮುಖ ಬೀಳುವುದು ಎಷ್ಟು ಅಪರೂಪ? ಇಪ್ಪತ್ತರಲ್ಲಿ ಒಂದು ಸಲಕ್ಕಿಂತ ಅಪರೂಪವಾದರೆ ಸಾಹೇಬರ ಕಚೇರಿ ಒಪ್ಪುತ್ತದೆ. ಇದನ್ನು ತೆಗೆಯುವ ಬಗೆ ಅವರಿಗೆ ನೆನಪಿಲ್ಲ.

ನನಗೆ ಗೊತ್ತಿತ್ತು. ಗೊತ್ತಿದೆಯೆಂದು ನನಗೇ ಆ ಕ್ಷಣದವರೆಗೆ ಗೊತ್ತಿರಲಿಲ್ಲ. ನನ್ನ ತಂದೆ ಸಂಸ್ಕೃತ ಪಂಡಿತರು. ನನ್ನ ಅಣ್ಣಂದಿರು ಓದಿಗೆ ಬೆನ್ನು ತಿರುಗಿಸಿದ್ದರಿಂದ ಛಂದಸ್ಸಿನ ಪಾಠವೆಲ್ಲ ನನ್ನ ತಲೆಗೆ ಬಿದ್ದಿತ್ತು. ಹನ್ನೆರಡು ಅಕ್ಷರದ ಒಂದು ಸಾಲು. ಒಂದೊಂದು ಅಕ್ಷರವೂ ಲಘುವಾಗಬಹುದು, ಗುರುವಾಗಬಹುದು. ಒಂದೇ ಲಘು ಇರುವ ಸಾಲು ಎಷ್ಟು ಬಗೆ, ಎರಡು ಲಘು ಇರುವುದು ಎಷ್ಟು ಬಗೆ? ಅದಕ್ಕೆ ಹಿಂದಿನವರು ಮೇರುಪ್ರಸ್ತಾರವೆಂದು ಒಂದು ಚಿತ್ರ ಮಾಡಿಟ್ಟಿದ್ದಾರೆ. ತುದಿಯಲ್ಲಿ ಒಂದು ಮನೆ, ಅದರ ಕೆಳಗೆ ಎರಡು, ಅದರ ಕೆಳಗೆ ಮೂರು. ಅಂಚಿನ ಮನೆಗೆಲ್ಲ ಒಂದು ಬರೆದು, ಉಳಿದ ಕಡೆ ಮೇಲಿನ ಎರಡು ಮನೆಯ ಅಂಕಿ ಕೂಡಿಸಿ ಕೆಳಗಿನ ಮನೆಗೆ ಬರೆಯುತ್ತ ಇಳಿಯಬೇಕು. ಲಘುವಿನ ಜಾಗದಲ್ಲಿ ಕಳೆ, ಗುರುವಿನ ಜಾಗದಲ್ಲಿ ಕೂಡು ಎಂದುಕೊಂಡರೆ ಮುಗಿಯಿತು.

ರಂಗೋಲಿ ಡಬ್ಬಿ ತಂದು ಪಡಸಾಲೆಯ ನೆಲದ ಮೇಲೆ ಮೇರು ಹಾಕಿದೆ. ಹನ್ನೆರಡನೆಯ ಸಾಲಿಗೆ ಬರುವಷ್ಟರಲ್ಲಿ ಗೋಡೆ ಮುಟ್ಟಿತು. ಒಂದು, ಹನ್ನೆರಡು, ಅರವತ್ತಾರು, ಇನ್ನೂರ ಇಪ್ಪತ್ತು, ಹೀಗೆ. ಒಟ್ಟು ನಾಲ್ಕು ಸಾವಿರದ ತೊಂಬತ್ತಾರು ಬಗೆ. ಅದರಲ್ಲಿ ಹನ್ನೆರಡೂ ಕೂಡು ಬರುವುದು ಒಂದು ಬಗೆ, ಹನ್ನೊಂದು ಕೂಡು ಬರುವುದು ಹನ್ನೆರಡು ಬಗೆ. ಎರಡೂ ಸೇರಿ ಹದಿಮೂರು. ಮುನ್ನೂರು ಸಲಕ್ಕೊಮ್ಮೆ ಆಗುವುದೂ ಕಷ್ಟ.

"ಇಪ್ಪತ್ತು ಕೇಳ್ತಾರ, ನಾವು ಮುನ್ನೂರು ಕೊಡ್ತೇವಿ" ಎಂದು ನಮ್ಮವರು ನನ್ನನ್ನು ಎತ್ತಿಕೊಂಡು ಹಾಡುಹಗಲಲ್ಲಿ, ಬಾಗಿಲು ತೆರೆದಿರುವಾಗ, ಎರಡು ಸುತ್ತು ತಿರುಗಿಸಿದರು. ಮೇರುವಿನ ಅರ್ಧ ಅವರ ಕಾಲಿಗೆ ಹತ್ತಿತು. ಎದುರು ಮನೆಯವರು ನೋಡಿದರು. ನೋಡಲಿ.

ವರದಿ ಬರೆದಾಯಿತು, ಟಪಾಲಿಗೆ ಹಾಕುವುದೊಂದು ಬಾಕಿ. ಖುಷಿಯಲ್ಲಿ ಅವರು ನನ್ನನ್ನು ತಡಸಕ್ಕೆ ಕರೆದುಕೊಂಡು ಹೋದರು. ಅಲ್ಲಿ ಜೋಳ ಬಿತ್ತಿದ್ದ ಮನೆಯವರು ಬಹಳ ದಿನದಿಂದ ಊಟಕ್ಕೆ ಕರೆಯುತ್ತಿದ್ದರು. ಊಟವೆಂದರೆ ಊಟ: ಹೋಳಿಗೆ, ಕಟ್ಟಿನ ಸಾರು, ಬದನೆಕಾಯಿ ಎಣ್ಣೆಗಾಯಿ. ಗಂಡಸರು ಹೊರಗೆ ಅಡಿಕೆ ಎಲೆ ಹಾಕಿಕೊಳ್ಳುತ್ತಿರುವಾಗ ಮನೆಯಾಕೆ ಒಳಗೆ ನನಗೆ ಕುಂಕುಮ ಹಚ್ಚಿ, ಉಡಿ ತುಂಬಿ, ಕೈ ಹಿಡಿದುಕೊಂಡಳು.

"ಒಂದು ಮಾತು ಹೇಳ್ತೇನಿ, ಸಿಟ್ಟಾಗಬ್ಯಾಡ್ರಿ ಬಾಯಾರ. ನೀವು ಮನಿಗೆ ಬಂದು ಉಂಡಿರಿ, ಇನ್ನ ಮುಚ್ಚಿಡಾಕ ಮನಸ್ಸು ಬರವಲ್ದು. ನಮ್ಮ ಹೊಲದಾಗ ಹಳೇ ಜ್ವಾಳನ ಎರಡು ಕೊಳಗ ಹೆಚ್ಚ ಬಂದಿತ್ತು."

"ಮತ್ತ ಹೊಸಾದು ಹೆಚ್ಚು ಅಂತ ಬರಸೀರಿ?"

"ನಿಮ್ಮ ಯಜಮಾನ್ರು ಆ ಬಿಸಲಾಗ ಸೈಕಲ್ ತುಳಕೊಂತ ಬಂದ್ರು. ನೀರು ಸೈತ ಕುಡೀಲಿಲ್ಲ, ನಕ್ಕೋತ 'ಹೆಂಗ ಬಂತು' ಅಂತ ಕೇಳಿದ್ರು. ಅಂಥಾ ಮನಶ್ಯಾಗ ನಿಮ್ಮ ಬೀಜ ಸೋತೈತಿ ಅಂತ ಹೆಂಗ ಹೇಳೂದ್ರಿ? ನಮ್ಮನಿಯವರು ಎರಡು ಅಂಕಿ ಅದಲಾಬದಲಿ ಮಾಡಿ ಹೇಳಿಬಿಟ್ರು."

ಎಲ್ಲ ಕಣಕ್ಕೂ ಅಳೆಯುವ ಹೊತ್ತಿಗೆ ಹೋಗಿ ನಿಲ್ಲಲು ಒಬ್ಬರಿಗೆ ಆಗುವ ಮಾತಲ್ಲ. ಏಳು ಕಡೆ ಇವರು ಕಣ್ಣಾರೆ ಕಂಡಿದ್ದರು. ಐದು ಕಡೆ ಆಮೇಲೆ ಹೋಗಿ ಬಾಯಿಮಾತಿನಲ್ಲಿ ಕೇಳಿ ಬರೆದುಕೊಂಡಿದ್ದರು. ತಡಸ ಆ ಐದರಲ್ಲಿ ಒಂದು.

ತಿರುಗಿ ಬರುವಾಗ, ಪೆಟ್ರೋಲು ಸಿಗದ ಆ ದಿನಗಳ ಇದ್ದಿಲು ಗ್ಯಾಸಿನ ಮೋಟಾರಿನಲ್ಲಿ ಪಕ್ಕ ಪಕ್ಕ ಕುಳಿತೆವು. ಅವರು ಕಾಯಂ ಆದ ಮೇಲೆ ಹಿತ್ತಲಲ್ಲಿ ಏನೇನು ನೆಡಬೇಕೆಂದು ಹೇಳುತ್ತಿದ್ದರು. ನಾನು ಹೂಂ ಅನ್ನುತ್ತಿದ್ದೆ. ಹೇಳದಿದ್ದರೆ ಯಾರಿಗೆ ಗೊತ್ತಾಗುತ್ತದೆ? ಆಕೆ ಹೇಳಿದ್ದು ನನ್ನೊಬ್ಬಳಿಗೆ. ಹನ್ನೊಂದು ಹೋಗಿ ಹತ್ತಾದರೂ ಮೇರುವಿನ ಪ್ರಕಾರ ಐವತ್ತಕ್ಕೊಂದು, ನಾವು ಪಾರಾದಂತೆಯೇ. ಆದರೆ ಒಂದು ಮನೆಯವರು ಹೀಗೆ ಮಾಡಿದ್ದರೆ ಉಳಿದ ನಾಲ್ಕು ಮನೆ? ಅಲ್ಲಿಗೂ ಇದೇ ಸೈಕಲ್ಲಿನಲ್ಲಿ, ಇದೇ ನಗು ಹೊತ್ತುಕೊಂಡು ಹೋದವರಲ್ಲವೇ ಇವರು. ನನಗೆ ಕೇಳುವುದು ಬೇಡವಾಗಿತ್ತು. ನನಗೆ ಶಿಗ್ಗಾಂವಿಯ ಆ ಎರಡು ಕೋಣೆ ಬೇಕಾಗಿತ್ತು, ಅಷ್ಟೇ.

ಅರ್ಧ ದಾರಿಯಲ್ಲಿ ಮೋಟಾರು ನಿಂತಿತು. ಕಂಡಕ್ಟರು ಇಳಿದು ಹಿಂದಿನ ಒಲೆಗೆ ಗಾಳಿ ಹಾಕತೊಡಗಿದ. ಎಲ್ಲರೂ ಇಳಿದು ಮರದ ಕೆಳಗೆ ನಿಂತೆವು. ನಮ್ಮವರು ನನ್ನ ಹಣೆಯ ಕುಂಕುಮ ನೋಡಿ, "ಭಾಳ ಹಚ್ಚ್ಯಾರ, ಮೂಗಿನ ಮ್ಯಾಲೆ ಉದರೇದ" ಎಂದು ತಮ್ಮ ಧೋತರದ ತುದಿಯಿಂದ ಒರೆಸಲು ಬಂದರು. ಅಷ್ಟಕ್ಕೇ ನನ್ನ ಬಾಯಿ ಬಿಟ್ಟುಹೋಯಿತು. ಎಲ್ಲವನ್ನೂ ಹೇಳಿಬಿಟ್ಟೆ.

ಅವರು ಧೋತರದ ತುದಿ ಕೊಡವಿ ಮರದ ಬೊಡ್ಡೆಗೆ ಒರಗಿದರು. ಆಮೇಲೆ ನಗತೊಡಗಿದರು. "ನಾ ನಕ್ಕೋತ ಕೇಳಿದ್ದ ತಪ್ಪಾತೇನು?"

"ತಪ್ಪ. ಸರಕಾರದ ಕೆಲಸಕ್ಕ ಹೋಗುವಾಗ ಮಾರಿ ಗಂಟು ಹಾಕ್ಕೊಂಡು ಹೋಗಬೇಕು. ನಿಮ್ಮ ಸಾಹೇಬ್ರನ್ನ ನೋಡಿ ಕಲೀರಿ."

ಉಳಿದ ನಾಲ್ಕು ಮನೆಗೆ ನಾಲ್ಕು ದಿನ ತಿರುಗಿದೆವು. ಮೋಟಾರು, ಚಕ್ಕಡಿ, ಕೊನೆಯ ಹರದಾರಿ ಕಾಲ್ನಡಿಗೆ. ಈ ಸಲ ಅವರು ಹೊರಗೆ ಬಾಯಿ ಮುಚ್ಚಿಕೊಂಡು ಕೂತರು, ನಾನು ಅಡಿಗೆಮನೆಗೆ ಹೋಗಿ ಹೆಂಗಸರನ್ನು ಕೇಳಿದೆ. ಎಷ್ಟು ಕೊಳಗ ಎಂದು ಕೇಳಲಿಲ್ಲ. ಚೀಲಕ್ಕೆ ತುಂಬಿಡುವಾಗ ಯಾವ ಜೋಳ ಮೊದಲು ಮುಗಿಯಿತು, ಯಾವುದು ಉಳಿಯಿತು ಎಂದು ಕೇಳಿದೆ. ಹೆಂಗಸರಿಗೆ ಅದು ಕರಾರುವಾಕ್ಕಾಗಿ ಗೊತ್ತಿರುತ್ತದೆ. ಹಾನಗಲ್ಲಿನ ಎರಡು ಮನೆ, ಸವಣೂರಿನ ಒಂದು ಮನೆ, ಮೂರೂ ಕಡೆ ಹೊಸ ಜೋಳವೇ ಹೆಚ್ಚು. ಸವಣೂರಿನಲ್ಲಿ ಎಲೆ ಅಡಿಕೆ ಹಾಕಿಕೊಂಡು ನಾನು ಮತ್ತೆ ಹಾರಾಡತೊಡಗಿದ್ದೆ. ಹತ್ತು ಇದ್ದರೆ ಸಾಕು, ಹತ್ತು ಇದ್ದರೆ ಸಾಕು ಎಂದು ಚಕ್ಕಡಿಯಲ್ಲಿ ಹಾಡಿಕೊಂಡೇ ಹೊರಟೆ.

ಕೊನೆಯದು ಹಿರೇಕೆರೂರು ಕಡೆಯ ಹಂಸಭಾವಿ. ಆ ಮನೆಯ ಮುದುಕಿ ನನ್ನ ಮಾತು ಕೇಳಿ ಮೊರ ಕೆಳಗಿಟ್ಟಳು.

"ಕೇಳಬಾರದಿತ್ತವ್ವ ನೀ. ಕೇಳಿದ ಮ್ಯಾಲೆ ಸುಳ್ಳು ಹೇಳಾಕ ನನ್ನ ಕೈಲಿ ಆಗೂದಿಲ್ಲ. ಹಳೇದ ಹೆಚ್ಚಿತ್ತು. ನನ್ನ ಮಗಾ ನಿನ್ನ ಗಂಡನ ಮಾರಿ ನೋಡಿ ಬದ್ಲಿ ಹೇಳ್ಯಾನ."

ಒಂಬತ್ತು. ಮೇರುವಿನಲ್ಲಿ ಒಂದು, ಹನ್ನೆರಡು, ಅರವತ್ತಾರು, ಇನ್ನೂರ ಇಪ್ಪತ್ತು ಕೂಡಿದರೆ ಇನ್ನೂರ ತೊಂಬತ್ತೊಂಬತ್ತು. ಹದಿನಾಲ್ಕಕ್ಕೆ ಒಂದು. ಇಪ್ಪತ್ತಕ್ಕೆ ಮುಟ್ಟಲಿಲ್ಲ. ಮನೆಗೆ ಬಂದು ನಾನು ಅವರ ಮೇಲೆ ಹರಿಹಾಯ್ದೆ. ಊರ ಮಂದಿಗೆಲ್ಲ ಬೇಕಾಗುವ ಹಾಗೆ ಇರಲು ನಿಮಗೆ ಹೇಳಿದವರು ಯಾರು ಅಂದೆ. ಹೇಳುತ್ತ ಹೇಳುತ್ತ ಅತ್ತುಬಿಟ್ಟೆ. ವರದಿಯ ಶುದ್ಧಪ್ರತಿ ಮಾಡಲು ಅವರ ಕೈ ಏಳಲಿಲ್ಲ, ನಾನೇ ಬರೆದೆ. ಮೊದಲು ಹನ್ನೊಂದು ಇದ್ದದ್ದು, ಎರಡು ಮನೆಯವರು ಪ್ರೀತಿಗೆ ಬದಲಿಸಿ ಹೇಳಿದ್ದು, ಕಡೆಗೆ ಒಂಬತ್ತೇ ನಿಂತದ್ದು, ಇಷ್ಟರಿಂದ ಹೊಸ ಬೀಜ ಮೇಲೆಂದೂ ಹೇಳಲಾಗದು, ಅಲ್ಲವೆಂದೂ ಹೇಳಲಾಗದು ಎಂಬುದು. ಟಪಾಲಿಗೆ ಹಾಕಿ ಬಂದು ಹಿತ್ತಾಳೆ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬಿದೆ.

ಹತ್ತು ದಿನಕ್ಕೆ ಸಾಹೇಬರು ಬಂದರು. ನಾನು ಒಳಗೆ ಅವಲಕ್ಕಿ ಹಚ್ಚುತ್ತಿದ್ದೆ. ಪಡಸಾಲೆಯ ಮಾತು ಸ್ವಚ್ಛ ಕೇಳುತ್ತಿತ್ತು.

"ಹನ್ನೊಂದು ಅಂತನ ಕಳಿಸಿದ್ರ ಏನಾಗ್ತಿತ್ತು ಗೊತ್ತದೇನು?"

"ಕಾಯಂ ಆಗ್ತಿತ್ತು ಅಂತ ತಿಳದಿದ್ದೆ ಸಾಹೇಬ್ರ."

ಸಾಹೇಬರು ನಕ್ಕದ್ದನ್ನು ನಾನು ಕೇಳಿದ್ದು ಅದೇ ಮೊದಲು. "ಯಾರು ಹೇಳಿದ್ರೋ ನಿನಗ? ಬೀಜ ಗೆದ್ರ ಗೋದಾಮಿಗೆ ಹೋಗ್ತದ. ಹಂಚಲಿಕ್ಕೆ ಅಲ್ಲಿ ಬ್ಯಾರೆ ಮಂದಿ ಇದ್ದಾರ. ಸೋತ್ರ ತಿಪ್ಪಿಗೆ ಹೋಗ್ತದ. ಎರಡರಾಗ ಯಾವುದಾದ್ರೂ ನಿನಗ ಖಾನದೇಶ. ಗೆದ್ದಿಲ್ಲ, ಸೋತಿಲ್ಲ ಅಂದಾಗಷ್ಟ ನಾವು ಪ್ರಯೋಗ ಮುಂದುವರಸಬೇಕಾಗ್ತದ. ಇನ್ನೊಂದು ವರ್ಷ ಇಲ್ಲೇ ಮಾಡು. ಇಪ್ಪತ್ತನಾಲ್ಕು ಹೊಲ ಹಿಡಿ. ಎಲ್ಲಾ ಕಡೆ ಒಂದ ಅಳತಿ ಕೊಳಗ ನಾ ಕೊಡಸ್ತೇನಿ."

ನಾನು ತಾಟು ಹಿಡಿದು ಬಾಗಿಲ ಹಿಂದೆ ನಿಂತಿದ್ದವಳು ಅದನ್ನು ಬದಿಗಿಟ್ಟು ಅಲ್ಲೇ ಕುಳಿತೆ. ಮೋಟಾರಿನಲ್ಲಿ ಮಾತು ನುಂಗಿಕೊಂಡು ಕೂತ ಆ ಅರ್ಧ ದಾರಿ ಕಣ್ಣ ಮುಂದೆ ಬಂತು. ಇವರ ಜೊತೆ ಇರಬೇಕೆಂಬ ಆಸೆಗೆ ಇನ್ನೊಂದು ಹರದಾರಿ ಸುಮ್ಮನಿದ್ದಿದ್ದರೆ, ಇವರನ್ನು ಖಾನದೇಶದ ಗಾಡಿ ಹತ್ತಿಸುವವಳು ನಾನೇ ಆಗುತ್ತಿದ್ದೆ. ನಗು ಬಂತು, ಸೆರಗನ್ನು ಬಾಯಿಗೆ ತುರುಕಿಕೊಂಡೆ.

ನಮ್ಮವರು ಒಳಗೆ ಬಂದು ನನ್ನೆದುರು ಮೊಣಕಾಲೂರಿದರು. "ಅಳ್ಲಿಕ್ಹತ್ತೀಯೇನು?"

"ಇಲ್ಲ. ಇನ್ನೊಂದು ವರ್ಷ ಅಂದ್ರ ಮುನ್ನೂರ ಅರವತ್ತೈದು ದಿನ ಅಲ್ಲೇನ್ರಿ?" ಎಂದೆ. ಸಾಹೇಬರು ಪಡಸಾಲೆಯಲ್ಲಿ ಅವಲಕ್ಕಿಗೆ ಕಾಯುತ್ತಲೇ ಇದ್ದರು.